ತೆರೆಯದ ಹಾರ್ಡ್ ಡಿಸ್ಕ್: ರಿಪೇರಿಗಿಂತ ಮೊದಲು ನಕಲು

ಮುದ್ರಣ ಕಾಶಿ ಎನಿಸಿಕೊಂಡ ಗದುಗಿನ ಪ್ರೆಸ್ಸುಗಳಲ್ಲಿ, ಹುಬ್ಬಳ್ಳಿಯ ಡಿಟಿಪಿ ಸೆಂಟರುಗಳಲ್ಲಿ, ಧಾರವಾಡದ ಸಂಗೀತಪ್ರಿಯರ ಮನೆಗಳಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದೇ ಇರುತ್ತದೆ. ಪ್ರೆಸ್ಸಿನ ಡಿಸ್ಕಿನಲ್ಲಿ ವರ್ಷಾನುಗಟ್ಟಲೆ ಮಾಡಿದ ಲಗ್ನಪತ್ರಿಕೆಗಳು, ಜಾತ್ರೆಯ ಹ್ಯಾಂಡ್‌ಬಿಲ್ಲು, ಗಿರಾಕಿಗಳ ಫೋಟೊ. ಮನೆಯ ಡಿಸ್ಕಿನಲ್ಲಿ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಬೈಠಕ್ಕುಗಳು. ಎರಡನೇ ಪ್ರತಿ ಹೆಚ್ಚಿನವರ ಹತ್ತಿರ ಇರುವುದಿಲ್ಲ. ಅಂಥ ಡಿಸ್ಕು ಒಂದು ದಿನ ತೆರೆಯದೆ ಕೂತಾಗ ಫೋನು ಬರುತ್ತದೆ: "ಸರ, ಡಿಸ್ಕ್ ಲಾಕ್ ಆಗೇತ್ರಿ, ಏನ್ ಮಾಡಿದ್ರೂ ತಗೀವಲ್ದು. ಫಾರ್ಮ್ಯಾಟ್ ಮಾಡು ಅಂತ ಕೇಳಾಕತ್ತೈತಿ, ಮಾಡ್ಲೇನ್ರಿ?"

ಮಾಡಬ್ಯಾಡ್ರಿ. ಕೇಳಿದ್ದಕ್ಕೆಲ್ಲ 'ಕ್ಯಾನ್ಸಲ್' ಒತ್ತಿ ಮುಂದೆ ಓದಿ.

ಡಿಸ್ಕ್ ತೆರೆಯದೆ ಇರುವುದಕ್ಕೆ ಕಾರಣ ಎರಡು ಬಗೆಯದು. ಡಿಸ್ಕು ಗಟ್ಟಿಯಾಗಿಯೇ ಇದ್ದು ಯಾವುದೋ ಬೀಗ ಬಿದ್ದಿರಬಹುದು: ಪಾಸ್‌ವರ್ಡು, ಎನ್‌ಕ್ರಿಪ್ಶನ್ನು (ಕೀ ಇಲ್ಲದೆ ಓದಲಾಗದಂತೆ ಡೇಟಾವನ್ನು ಗುಟ್ಟಿನ ರೂಪಕ್ಕೆ ತಿರುಗಿಸುವುದು), ವಿಂಡೋಸ್ ಅರ್ಧಕ್ಕೆ ಬಿಟ್ಟುಹೋದ ಕೆಲಸ. ಇಲ್ಲವೇ ಡಿಸ್ಕೇ ಹಾಳಾಗುತ್ತಿರಬಹುದು. ಮೊದಲನೆಯದರಲ್ಲಿ ಅವಸರವಿಲ್ಲ, ನಾಳೆ ನೋಡಿದರೂ ನಡೆಯುತ್ತದೆ. ಎರಡನೆಯದರಲ್ಲಿ ಡಿಸ್ಕು ತಿರುಗುವ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಯಾವುದು ಎಂದು ತಿಳಿಯುವವರೆಗೆ, ಹಾಗೂ ಎರಡನೆಯದೇ ಆಗಿದ್ದರೆ ಪೂರ್ತಿ ನಕಲು ಕೈಗೆ ಬರುವವರೆಗೆ, ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಬಾರದು. ಇದೊಂದನ್ನು ಮಾತ್ರ ನಾನು ಹಟ ಹಿಡಿದು ಹೇಳುತ್ತೇನೆ.

ಮುಂದಿನ ಕೆಲಸವನ್ನೆಲ್ಲ ಲಿನಕ್ಸಿನಲ್ಲಿ, ಅಂದರೆ ವಿಂಡೋಸಿನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮಿನಲ್ಲಿ, ಮಾಡುತ್ತೇವೆ. ನಿಮ್ಮ ಕಂಪ್ಯೂಟರಿನಲ್ಲಿ ಅದು ಇಲ್ಲದಿದ್ದರೂ ಅಡ್ಡಿಯಿಲ್ಲ. ಉಬುಂಟು ಅಥವಾ ಮಿಂಟ್ ಎಂಬ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಇನ್‌ಸ್ಟಾಲ್ ಮಾಡದೆ 'ಟ್ರೈ' ಆಯ್ಕೆಯಲ್ಲಿ ಬೂಟ್ ಮಾಡಿದರೆ ಸಾಕು. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸಿನಲ್ಲಿ ಇಲ್ಲಿ ಬೇಕಾದ ಮುಖ್ಯ ಉಪಕರಣಗಳು ಮೊದಲೇ ಇರುತ್ತವೆ. ಕಮಾಂಡುಗಳನ್ನು ಉಚ್ಚರಿಸುವ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದೇ ಹೇಳಿದ್ದೇನೆ. ಪ್ರತಿ ಕಮಾಂಡಿನ ಆರಂಭದಲ್ಲಿ 'ಸುಡೊ' ಎಂಬ ಪದ ಬೇಕು.

ಮೊದಲು ಕಿವಿ, ಆಮೇಲೆ ಕೇಬಲ್

ಡಿಸ್ಕಿಗೆ ಕರೆಂಟು ಕೊಟ್ಟು ಕಿವಿ ಹತ್ತಿರ ತನ್ನಿ. ಒಂದೇ ಲಯದಲ್ಲಿ 'ಟಕ್, ಟಕ್, ಟಕ್' ಎಂದು ಬಡಿದು ನಿಂತು, ಮತ್ತೆ ಶುರುವಾದರೆ, ಅಥವಾ ಕೆರೆಯುವಂಥ ಸದ್ದು ಬಂದರೆ, ತಕ್ಷಣ ತೆಗೆದುಬಿಡಿ. ಒಳಗೆ ಓದುವ ತಲೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ಕೆಟ್ಟು ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸುತ್ತಿಗೂ ಡೇಟಾ ಉಜ್ಜಿ ಹೋಗುತ್ತದೆ. ಇದಕ್ಕೆ ಯಾವ ಸಾಫ್ಟ್‌ವೇರೂ ಮದ್ದಲ್ಲ. ಧೂಳಿಲ್ಲದ ಕೋಣೆಯಿರುವ ಡೇಟಾ ರಿಕವರಿ ಲ್ಯಾಬೇ ಆಗಬೇಕು. ಅಂಗಡಿಯಲ್ಲಿ ಯಾರಾದರೂ "ಬಿಚ್ಚಿ ನೋಡ್ತೀನಿ" ಎಂದರೆ ವಾಪಸ್ ತನ್ನಿ. ಫ್ರಿಜ್ಜಿನಲ್ಲಿ ಇಟ್ಟು ತೆಗೆದರೆ ಸರಿಹೋಗುತ್ತದೆ ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ತಣ್ಣಗಾದ ತಟ್ಟೆಯ ಮೇಲೆ ನೀರಿನ ಪಸೆ ಕೂರುತ್ತದೆ, ಬೇಡವೇ ಬೇಡ.

ಸದ್ದು ಸರಿಯಿದ್ದರೆ ಕೇಬಲ್ ಬದಲಿಸಿ ನೋಡಿ. ಎರಡೂವರೆ ಇಂಚಿನ ಡಿಸ್ಕು ತಿರುಗಲು ಶುರುವಾಗುವಾಗ ಹೆಚ್ಚು ಕರೆಂಟು ಎಳೆಯುತ್ತದೆ. ಯುಎಸ್‌ಬಿ 2.0 ಪೋರ್ಟು ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ಡೆಸ್ಕ್‌ಟಾಪಿನ ಮುಂದಿನ ಪೋರ್ಟಿಗೂ ಹಬ್ಬಿಗೂ ಹಾಕಬೇಡಿ, ಹಿಂದೆ ಮದರ್‌ಬೋರ್ಡಿನಲ್ಲೇ ಇರುವ ಪೋರ್ಟಿಗೆ ಹಾಕಿ. ಕೊಪ್ಪೀಕರ ರಸ್ತೆಯಿಂದ ಹೊಸ ಕೇಬಲ್ ತಂದು ಹಾಕಿದ ಮೇಲೆ ಎದ್ದು ಕೂತ ಡಿಸ್ಕುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಲಿನಕ್ಸ್ ಏನು ಹೇಳುತ್ತಿದೆ

ಟರ್ಮಿನಲ್ (ಕಮಾಂಡು ಟೈಪ್ ಮಾಡುವ ಕಿಟಕಿ) ತೆರೆದು 'ಎಲ್‌ಎಸ್‌ಬಿಎಲ್‌ಕೆ ಡ್ಯಾಶ್ ಎಫ್' ಕೊಡಿ. ಕಂಪ್ಯೂಟರಿಗೆ ಕಾಣುವ ಡಿಸ್ಕುಗಳೂ ಅವುಗಳ ಪಾರ್ಟಿಷನ್ನುಗಳೂ (ಡಿಸ್ಕಿನೊಳಗಿನ ವಿಭಾಗಗಳು) ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಸಮೇತ ಬರುತ್ತವೆ. ನಿಮ್ಮದು ಎಸ್‌ಡಿಬಿ ಇರಬಹುದು, ಎಸ್‌ಡಿಸಿ ಇರಬಹುದು. ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಒಂದಕ್ಷರ ತಪ್ಪಿದರೂ ಬೇರೆ ಡಿಸ್ಕಿಗೆ ಪೆಟ್ಟು. ಕೇಬಲ್ ತೆಗೆದು ಹಾಕಿದಾಗ ಹೆಸರು ಬದಲಾಗಬಹುದು, ಆಗ ಮತ್ತೆ ನೋಡಬೇಕು. ಇಲ್ಲಿ ನಾನು ಎಸ್‌ಡಿಬಿ ಎಂದೇ ಬರೆಯುತ್ತೇನೆ, ಕಮಾಂಡಿನಲ್ಲಿ ಮಾತ್ರ ಅದನ್ನು '/dev/sdb' ಎಂದು ಪೂರ್ತಿ ಕೊಡಬೇಕು. ಫೈಲ್ ಮ್ಯಾನೇಜರು ಡಿಸ್ಕನ್ನು ತಾನಾಗಿಯೇ ಮೌಂಟ್ ಮಾಡಿಕೊಂಡಿದ್ದರೆ (ಒಳಗಿನ ಫೈಲು ಕಾಣುವಂತೆ ತೆರೆದಿದ್ದರೆ) ಸದ್ಯಕ್ಕೆ ಅನ್‌ಮೌಂಟ್ ಮಾಡಿ. 'ಟಾರ್ಗೆಟ್ ಈಸ್ ಬಿಜಿ' ಎಂದರೆ ಯಾವುದೋ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿದೆ. 'ಎಲ್‌ಎಸ್‌ಒಎಫ್' ಕಮಾಂಡಿನ ಮುಂದೆ ಮೌಂಟ್ ಆದ ಫೋಲ್ಡರಿನ ದಾರಿ ಕೊಟ್ಟರೆ ಯಾವುದೆಂದು ತೋರಿಸುತ್ತದೆ.

ಈಗ ಇನ್ನೊಂದು ಟರ್ಮಿನಲ್ಲಿನಲ್ಲಿ 'ಡಿಎಂಇಎಸ್‌ಜಿ ಡ್ಯಾಶ್ ಡಬ್ಲ್ಯೂ' ಓಡಿಸಿ ಬಿಡಿ. ಲಿನಕ್ಸಿನ ತಿರುಳಾದ ಕರ್ನಲ್ಲಿನ ಮಾತು ಅಲ್ಲಿ ಸಾಲುಸಾಲಾಗಿ ಬರುತ್ತದೆ. ಡಿಸ್ಕನ್ನು ತೆಗೆದು ಮತ್ತೆ ಹಾಕಿ ಓದುತ್ತಾ ಹೋಗಿ. ನಿಧಾನವಾಗಿ ಓದಿ, ಮುಂದಿನ ದಾರಿಯೆಲ್ಲ ಇಲ್ಲಿಯೇ ತೀರ್ಮಾನವಾಗುತ್ತದೆ.

'ಐ/ಓ ಎರರ್' ಎಂಬ ಸಾಲು ಕಂಡ ಕೂಡಲೇ ಡಿಸ್ಕು ಸತ್ತಿತು ಎನ್ನಬೇಡಿ, ಅದರ ಹಿಂದುಮುಂದಿನ ಸಾಲು ನೋಡಿ. 'ಯುಎನ್‌ಸಿ' ಎಂದಿದ್ದರೆ, ಅಥವಾ ಯುಎಸ್‌ಬಿ ಡಿಸ್ಕಿನಲ್ಲಿ 'ಮೀಡಿಯಂ ಎರರ್', 'ಅನ್‌ರಿಕವರ್ಡ್ ರೀಡ್ ಎರರ್' ಎಂದಿದ್ದರೆ, ತಟ್ಟೆಯ ಮೇಲಿನ ಸೆಕ್ಟರು (ಡೇಟಾ ಬರೆದಿಡುವ ಸಣ್ಣ ತುಂಡು) ಓದಲಾಗುತ್ತಿಲ್ಲ. ಅದು ನಿಜವಾದ ರೋಗ. 'ಐಸಿಆರ್‌ಸಿ' ಎಂದಿದ್ದರೆ ಡಿಸ್ಕಿನಿಂದ ಬರುವ ದಾರಿಯಲ್ಲಿ ಡೇಟಾ ಕೆಡುತ್ತಿದೆ, ಬಹುಮಟ್ಟಿಗೆ ಕೇಬಲ್ಲಿನ ತಪ್ಪು. ಬರೀ 'ಎಬಿಆರ್‌ಟಿ' ಎಂದು ಬಂದು, ಡಿಸ್ಕು ಸದ್ದಿಲ್ಲದೆ ಸುಗಮವಾಗಿ ತಿರುಗುತ್ತಿದ್ದು, ಮೊದಲ ಸೆಕ್ಟರನ್ನೇ ಓದಲು ಬಿಡದಿದ್ದರೆ, ಪಾಸ್‌ವರ್ಡಿನ ಬೀಗ ಬಿದ್ದಿರುವ ಸಂಭವ ಹೆಚ್ಚು. ಬೀಗ ಬಿದ್ದ ಡಿಸ್ಕೂ ಐ/ಓ ಎರರನ್ನೇ ತೋರಿಸುವುದರಿಂದ ಗಟ್ಟಿ ಡಿಸ್ಕನ್ನು ಸತ್ತದ್ದೆಂದು ಎಸೆದವರಿದ್ದಾರೆ. ಇನ್ನು 'ಯುಎಸ್‌ಬಿ ಡಿಸ್ಕನೆಕ್ಟ್' ಎಂದು ಹೋಗಿ ಬಂದು ಮಾಡುತ್ತಿದ್ದರೆ ಕರೆಂಟು ಸಾಲುತ್ತಿಲ್ಲ, ಇಲ್ಲವೇ ಪೆಟ್ಟಿಗೆಯೊಳಗಿನ ಸಣ್ಣ ಬೋರ್ಡು ಕೆಟ್ಟಿದೆ.

ಯಾವ ಎರರೂ ಇಲ್ಲದೆ ಬರೀ ಮೌಂಟ್ ಆಗುತ್ತಿಲ್ಲವಾದರೆ ಸಮಾಧಾನದಿಂದ ಬೀಗದ ಕಡೆ ಹೋಗಬಹುದು.

ಬೀಗಗಳು

ನಮ್ಮ ಕಡೆ ಹೆಚ್ಚು ಕಾಣುವುದು ವಿಂಡೋಸಿನ ಬೀಗ. ಈಗಿನ ವಿಂಡೋಸಿನಲ್ಲಿ 'ಫಾಸ್ಟ್ ಸ್ಟಾರ್ಟಪ್' ಎಂಬುದು ಮೊದಲಿನಿಂದಲೇ ಚಾಲೂ ಇರುತ್ತದೆ. ಶಟ್‌ಡೌನ್ ಒತ್ತಿದಾಗ ಅದು ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ, ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ಸಿಸ್ಟಮ್) ಪಾರ್ಟಿಷನ್ನು ಬಳಕೆಯಲ್ಲಿದ್ದಂತೆಯೇ ಉಳಿಯುತ್ತದೆ. ಲಿನಕ್ಸ್ ಅದನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ, ಅಥವಾ ಓದಲು ಮಾತ್ರ ಬಿಡುತ್ತದೆ. ಅದು ಮಾಡುವುದು ಸರಿ. ಸರಳ ಪರಿಹಾರವೆಂದರೆ ಡಿಸ್ಕನ್ನು ಆ ವಿಂಡೋಸಿಗೇ ಹಾಕಿ, ಶಟ್‌ಡೌನ್ ಬದಲು 'ರೀಸ್ಟಾರ್ಟ್' ಕೊಡುವುದು. ರೀಸ್ಟಾರ್ಟಿನಲ್ಲಿ ಅದು ಪೂರ್ತಿ ಮುಚ್ಚುತ್ತದೆ. ಪರದೆ ಕಪ್ಪಾದಾಗ ಲಿನಕ್ಸಿಗೆ ಬೂಟ್ ಮಾಡಿ. ಆ ವಿಂಡೋಸ್ ಕಂಪ್ಯೂಟರು ಸಿಗದಿದ್ದರೆ 'ಓದಲು ಮಾತ್ರ' ಮೌಂಟ್ ಮಾಡಿ ಫೈಲು ತೆಗೆದುಕೊಳ್ಳಿ. 'ಎನ್‌ಟಿಎಫ್‌ಎಸ್‌ಫಿಕ್ಸ್' ಎಂಬ ಕಮಾಂಡು ಹಲವರ ಬಾಯಲ್ಲಿದೆ. ಅದು ಡಿಸ್ಕಿನ ಮೇಲೆ ಬರೆಯುತ್ತದೆ, ವಿಂಡೋಸಿನ ಚೆಕ್‌ಡಿಸ್ಕ್ ಮಾಡುವ ಪೂರ್ತಿ ರಿಪೇರಿಯನ್ನಂತೂ ಮಾಡುವುದಿಲ್ಲ. ಡಿಸ್ಕು ಗಟ್ಟಿಯಿದೆ ಎಂದು ಖಾತ್ರಿಯಾಗದೆ ಅದನ್ನು ಮುಟ್ಟಬೇಡಿ.

ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿ 'ಬಿಟ್‌ಲಾಕರ್' ಎಂದು ಕಂಡರೆ ಅದು ವಿಂಡೋಸಿನ ಎನ್‌ಕ್ರಿಪ್ಶನ್, 48 ಅಂಕಿಗಳ ರಿಕವರಿ ಕೀ ಬೇಕು. "ನಾನು ಯಾವ ಪಾಸ್‌ವರ್ಡೂ ಹಾಕಿಲ್ರಿ" ಎನ್ನುವವರ ಲ್ಯಾಪ್‌ಟಾಪಿನಲ್ಲೂ ಇದು ಇರುತ್ತದೆ. ಹೊಸ ಲ್ಯಾಪ್‌ಟಾಪನ್ನು ಮೈಕ್ರೊಸಾಫ್ಟ್ ಅಕೌಂಟಿನಿಂದ ಶುರು ಮಾಡಿದಾಗ ಎನ್‌ಕ್ರಿಪ್ಶನ್ ತಾನಾಗಿಯೇ ಆಗಿರಬಹುದು, ಆಗ ಕೀ ಆ ಅಕೌಂಟಿನಲ್ಲೇ ಉಳಿದಿರುತ್ತದೆ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರು ಯಾರ ಇಮೇಲ್ ಹಾಕಿದ್ದರು ಎಂದು ನೆನಪು ಮಾಡಿಕೊಳ್ಳಿ. ಮಗನದ್ದೋ ಅಳಿಯನದ್ದೋ ಇರಬಹುದು. ಕೀ ಸಿಕ್ಕ ಮೇಲೆ ಉಬುಂಟುವಿನ 'ಡಿಸ್ಕ್ಸ್' ಆ್ಯಪಿನಲ್ಲಿ ಬೀಗದ ಗುರುತು ಒತ್ತಿ ಹಾಕಿದರೆ ತೆರೆಯುತ್ತದೆ. ಲಿನಕ್ಸಿನ ಬೀಗ ತೆರೆಯುವ ಉಪಕರಣ ಕ್ರಿಪ್ಟ್‌ಸೆಟಪ್‌ನಲ್ಲಿ, 2020ರಲ್ಲಿ ಬಂದ 2.3ನೇ ಆವೃತ್ತಿಯಿಂದ, ಈ ಸೌಲಭ್ಯವಿದೆ. 'ಕ್ರಿಪ್ಟೊ ಲಕ್ಸ್' ಎಂದು ಕಂಡರೆ ಅದು ಲಿನಕ್ಸಿನದೇ ಎನ್‌ಕ್ರಿಪ್ಶನ್, ತೆರೆಯುವ ಕ್ರಮ ಅದೇ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತೆರೆಯದಿದ್ದರೆ ಕೀಬೋರ್ಡು ಕನ್ನಡ ಲೇಔಟಿನಲ್ಲಿದೆಯೇ, ಕ್ಯಾಪ್ಸ್ ಲಾಕ್ ಒತ್ತಿದೆಯೇ ನೋಡಿ.

ಮೂರನೆಯದು ಡಿಸ್ಕಿನ ಒಳಗೇ ಇರುವ ಎಟಿಎ ಪಾಸ್‌ವರ್ಡ್. ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪುಗಳಲ್ಲಿ ಎದುರಾಗುತ್ತದೆ. 'ಎಚ್‌ಡಿಪಾರ್ಮ್ ಡ್ಯಾಶ್ ದೊಡ್ಡ ಐ' ಕೊಟ್ಟು ಕೊನೆಯ 'ಸೆಕ್ಯುರಿಟಿ' ಭಾಗ ನೋಡಿ. 'ಲಾಕ್ಡ್' ಎಂಬುದರ ಹಿಂದೆ 'ನಾಟ್' ಇಲ್ಲದಿದ್ದರೆ ಬೀಗ ಬಿದ್ದಿದೆ. ಪಾಸ್‌ವರ್ಡ್ ಗೊತ್ತಿದ್ದರೆ ಆ ಡಿಸ್ಕು ಮೊದಲು ಇದ್ದ ಲ್ಯಾಪ್‌ಟಾಪಿನಲ್ಲೇ ಹಾಕಿ ಬಿಡಿಸುವುದು ಸುಲಭ, ಏಕೆಂದರೆ ಕೆಲವು ಕಂಪನಿಗಳ ಬಯಾಸ್ (ಕಂಪ್ಯೂಟರು ಚಾಲೂ ಆಗುವಾಗ ಮೊದಲು ಓಡುವ ಪ್ರೋಗ್ರಾಂ) ನೀವು ಟೈಪ್ ಮಾಡಿದ್ದನ್ನು ಬೇರೆ ರೂಪಕ್ಕೆ ಬದಲಿಸಿ ಡಿಸ್ಕಿಗೆ ಕೊಟ್ಟಿರುತ್ತದೆ. ಐದು ಸಲ ತಪ್ಪಿದರೆ ಕರೆಂಟು ತೆಗೆದು ಹಾಕುವವರೆಗೆ ಡಿಸ್ಕು ಮತ್ತೆ ಕೇಳುವುದೇ ಇಲ್ಲ. ಹುಡುಕಾಟದಲ್ಲಿ 'ಸೆಕ್ಯುರಿಟಿ ಇರೇಸ್' ಎಂಬ ಕಮಾಂಡು ಸಿಕ್ಕೀತು. ಅದು ಬೀಗದ ಜೊತೆಗೆ ಒಳಗಿನದನ್ನೆಲ್ಲ ಅಳಿಸುತ್ತದೆ. ಪಾಸ್‌ವರ್ಡ್ ಇಲ್ಲದಿದ್ದರೆ ಡೇಟಾದ ಆಸೆ ಬಿಡುವುದೇ ಒಳ್ಳೆಯದು.

ಇನ್ನೊಂದು ಮಾತು. ಕೆಲವು ಎಕ್ಸ್‌ಟರ್ನಲ್ ಡಿಸ್ಕುಗಳ ಬೋರ್ಡೇ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿ ಬರೆಯುತ್ತದೆ, ನೀವು ಪಾಸ್‌ವರ್ಡ್ ಹಾಕದಿದ್ದರೂ. ಅಂಥದ್ದನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಸಾಟಾ ಕೇಬಲ್ಲಿಗೆ ಹಾಕಿದರೆ ಕಾಣುವುದು ಬರೀ ಕಸ. ಬೋರ್ಡನ್ನು ಎಸೆಯದೆ ಇಟ್ಟುಕೊಳ್ಳಿ.

ಡಿಸ್ಕಿನ ನಾಡಿ

ಬೀಗವಿಲ್ಲ, ಎರರುಗಳಿವೆ. ಈಗ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಂಡ ಲೆಕ್ಕ, ಅಂದರೆ ಸ್ಮಾರ್ಟ್ ವರದಿ, ನೋಡಬೇಕು. 'ಸ್ಮಾರ್ಟ್‌ಮೊನ್‌ಟೂಲ್ಸ್' ಪ್ಯಾಕೇಜ್ ಹಾಕಿಕೊಂಡು 'ಸ್ಮಾರ್ಟ್‌ಸಿಟಿಎಲ್ ಡ್ಯಾಶ್ ಎ' ಎಂದು ಡಿಸ್ಕಿನ ಹೆಸರು ಕೊಡಿ. ಯುಎಸ್‌ಬಿ ಡಿಸ್ಕು ಉತ್ತರಿಸದಿದ್ದರೆ 'ಡ್ಯಾಶ್ ಡಿ ಸ್ಯಾಟ್' ಸೇರಿಸಿ.

ಮೇಲ್ಗಡೆ 'ಪಾಸ್ಡ್' ಎಂದು ಬರೆದಿರುತ್ತದೆ. ಅದನ್ನು ನಂಬಿ ಕೂರಬೇಡಿ. 2007ರಲ್ಲಿ ಗೂಗಲ್ಲಿನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿದಾಗ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಸ್ಮಾರ್ಟ್ ಸೂಚಕಗಳಲ್ಲಿ ಒಂದನ್ನೂ ತೋರಿಸದೆ ಕೆಟ್ಟಿದ್ದವು. ಆದರೆ ಸೂಚಕ ಏರಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ: ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕುಗಳು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಉಳಿದವಕ್ಕಿಂತ 39 ಪಟ್ಟು ಹೆಚ್ಚಿತ್ತು.

ಪಟ್ಟಿಯಲ್ಲಿ ನಾಲ್ಕು ಸಾಲು ಸಾಕು, ಪ್ರತಿಯೊಂದರ ಕೊನೆಯ 'ರಾ ವ್ಯಾಲ್ಯೂ' ನೋಡಿ. 5ನೆಯದು ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರುಗಳ ಲೆಕ್ಕ. 197 ಓದಲಾಗದೆ ಬಾಕಿ ಉಳಿದವು. 198 ಸರಿಪಡಿಸಲಾಗದವು. 199 ಕೇಬಲ್ಲಿನ ತಪ್ಪುಗಳು. 199 ಮಾತ್ರ ಏರಿ ಉಳಿದವು ಸೊನ್ನೆಯಿದ್ದರೆ ಕೇಬಲ್ ಬದಲಿಸಿ. ಹಳೆಯ ಸಂಖ್ಯೆ ಅಳಿಯುವುದಿಲ್ಲ, ಇನ್ನೂ ಏರುತ್ತದೆಯೇ ಎಂಬುದಷ್ಟೇ ಮುಖ್ಯ. 197 ಸೊನ್ನೆಯಲ್ಲದಿದ್ದರೆ ನಕಲಿಗೆ ಕೂರಿ. 'ಲಾಂಗ್ ಟೆಸ್ಟ್' ಎಂಬ ಗಂಟೆಗಟ್ಟಲೆಯ ಪರೀಕ್ಷೆ ಈ ಹೊತ್ತಿನಲ್ಲಿ ಬೇಡ, ಡಿಸ್ಕಿನಲ್ಲಿ ಉಳಿದ ಜೀವ ನಕಲಿಗೇ ಇರಲಿ.

ನಕಲು ತೆಗೆಯುವುದು

ಫೈಲ್ ಮ್ಯಾನೇಜರಿನಲ್ಲಿ ಎಳೆದು ಹಾಕಿ ಕಾಪಿ ಮಾಡಿದರೆ ಮೊದಲ ಕೆಟ್ಟ ಸೆಕ್ಟರಿಗೇ ಸಿಕ್ಕಿಕೊಂಡು ಡಿಸ್ಕನ್ನು ಅಲ್ಲೇ ಬಡಿಯುತ್ತಿರುತ್ತದೆ. ಇದಕ್ಕೆಂದೇ ಇರುವುದು ಗ್ನೂ ಡಿಡಿರೆಸ್ಕ್ಯೂ. ಅದು ಮೊದಲು ಸುಲಭವಾಗಿ ಓದುವ ಜಾಗಗಳನ್ನೆಲ್ಲ ಎತ್ತಿಕೊಂಡು, ತೊಂದರೆ ಕೊಟ್ಟಲ್ಲಿ ಹಾರಿ ಮುಂದೆ ಹೋಗುತ್ತದೆ. ಕಷ್ಟದ ಜಾಗಗಳಿಗೆ ಆಮೇಲೆ ಬರುತ್ತದೆ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು 'ಜಿಡಿಡಿರೆಸ್ಕ್ಯೂ', ಓಡಿಸುವ ಕಮಾಂಡು 'ಡಿಡಿರೆಸ್ಕ್ಯೂ'.

ನಕಲಿಗೆ ಮೂಲಕ್ಕಿಂತ ದೊಡ್ಡ ಡಿಸ್ಕು ಬೇಕು. ಒಂದು ಟೆರಾಬೈಟಿನ ಇಮೇಜು (ಇಡೀ ಡಿಸ್ಕಿನ ನಕಲು ಒಂದೇ ಫೈಲಾಗಿ) ಇನ್ನೊಂದು ಒಂದು ಟೆರಾಬೈಟಿನ ಡಿಸ್ಕಿನೊಳಗೆ ಫೈಲಾಗಿ ಹಿಡಿಯುವುದಿಲ್ಲ, ಎರಡು ಟೆರಾಬೈಟಿನದೇ ತನ್ನಿ. ಅದು ಫ್ಯಾಟ್32 ಆಗಿದ್ದರೆ 4 ಜಿಬಿಗೆ ನಿಂತುಬಿಡುತ್ತದೆ, ಇಎಕ್ಸ್‌ಟಿ4 ಆಗಿರಲಿ. ಹಳೆಯ ಡಿಸ್ಕಿನ ಒಂದು ಪಾರ್ಟಿಷನ್ನಷ್ಟೇ ಅಲ್ಲ, ಪೂರ್ತಿ ಎಸ್‌ಡಿಬಿಯನ್ನೇ ತೆಗೆಯಬೇಕು.

ಮೊದಲ ಸುತ್ತಿನ ಕಮಾಂಡು ಹೀಗೆ: 'ಡಿಡಿರೆಸ್ಕ್ಯೂ', ಆಮೇಲೆ 'ಡ್ಯಾಶ್ ಡಿ', 'ಡ್ಯಾಶ್ ಎನ್', ಆಮೇಲೆ ಹಳೆಯ ಡಿಸ್ಕಿನ ಹೆಸರು, ಆಮೇಲೆ ಹೊಸ ಡಿಸ್ಕಿನಲ್ಲಿ ಹುಟ್ಟಬೇಕಾದ ಇಮೇಜಿನ ಹೆಸರು, ಕೊನೆಗೆ ಮ್ಯಾಪ್ ಫೈಲಿನ ಹೆಸರು. ಮೂಲ ಮೊದಲು, ನಕಲು ಆಮೇಲೆ. ಎಂಟರ್ ಒತ್ತುವ ಮುನ್ನ ಚೀಟಿ ನೋಡಿ ಇನ್ನೊಬ್ಬರಿಗೆ ಓದಿ ಹೇಳಿ. ಅಕಸ್ಮಾತ್ ಅದಲುಬದಲಾದರೆ ಡಿಡಿರೆಸ್ಕ್ಯೂ ಡಿಸ್ಕಿನ ಮೇಲೆ ಬರೆಯಲು ಒಪ್ಪದೆ 'ಫೋರ್ಸ್' ಕೇಳುತ್ತದೆ. ಇಮೇಜಾಗಿ ಉಳಿಸುವಾಗ ಫೋರ್ಸ್ ಎಂದೂ ಬೇಕಾಗುವುದಿಲ್ಲ.

ಮ್ಯಾಪ್ ಫೈಲನ್ನು ಬಿಡಬೇಡಿ. ಯಾವುದು ಓದಿದೆ, ಯಾವುದು ಬಾಕಿಯಿದೆ ಎಂಬ ಲೆಕ್ಕ ಅದರಲ್ಲಿರುತ್ತದೆ. ಏಪ್ರಿಲ್ಲಿನ ಗುಡುಗು ಮಳೆಗೆ ಕರೆಂಟು ಹೋಗಿ ಕಂಪ್ಯೂಟರು ಆರಿದರೂ, ಬಂದ ಮೇಲೆ ಅದೇ ಕಮಾಂಡನ್ನು ಅದೇ ಮ್ಯಾಪ್ ಫೈಲಿನೊಂದಿಗೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಪೆನ್‌ಡ್ರೈವಿನ ಲಿನಕ್ಸಿನಲ್ಲಿ ಕೆಲಸ ಮಾಡುತ್ತಿದ್ದರೆ ಮ್ಯಾಪ್ ಫೈಲೂ ಹೊಸ ಡಿಸ್ಕಿನಲ್ಲೇ ಇರಬೇಕು, ಇಲ್ಲದಿದ್ದರೆ ಕರೆಂಟಿನ ಜೊತೆ ಅದೂ ಹೋಗುತ್ತದೆ. ಇನ್ವರ್ಟರ್ ಲೈನಿಗೆ ಹಾಕಿಕೊಂಡು ಕೂತರೆ ಇನ್ನೂ ಒಳ್ಳೆಯದು, ಪ್ರತಿ ಸಲ ನಿಂತು ತಿರುಗುವುದು ರೋಗದ ಡಿಸ್ಕಿಗೆ ಭಾರ.

ಗಟ್ಟಿ ಡಿಸ್ಕಿನಿಂದ ಸೆಕೆಂಡಿಗೆ 100 ಎಂಬಿ ಬಂದರೆ ಒಂದು ಟೆರಾಬೈಟಿಗೆ ಮೂರು ಗಂಟೆಯೂ ಬೇಡ. ರೋಗದ ಡಿಸ್ಕಿಗೆ ದಿನಗಟ್ಟಲೆ ಆಗಬಹುದು. ಮಧ್ಯೆ ಮಧ್ಯೆ ಸ್ಮಾರ್ಟಿನ 194ನೇ ಸಾಲಿನಲ್ಲಿ ಬಿಸಿ ನೋಡಿ. ಬಹುಪಾಲು ಡಿಸ್ಕುಗಳಿಗೆ 60 ಡಿಗ್ರಿಯ ಆಸುಪಾಸು ಮಿತಿ. ಬೇಸಿಗೆಯ ಗದುಗಿನಲ್ಲಿ ಮುಚ್ಚಿದ ಕೋಣೆಯಲ್ಲಿಟ್ಟರೆ ಅಲ್ಲಿಗೆ ಮುಟ್ಟುವುದು ತಡವಲ್ಲ. ಟೇಬಲ್ ಫ್ಯಾನ್ ತಿರುಗಿಸಿ, 50 ದಾಟಿದರೆ ನಿಲ್ಲಿಸಿ ಆರಲು ಬಿಡಿ. ಮೊದಲ ಸುತ್ತು ಮುಗಿದ ಮೇಲೆ 'ಡ್ಯಾಶ್ ಎನ್' ತೆಗೆದು 'ಡ್ಯಾಶ್ ಆರ್3' ಹಾಕಿ ಎರಡನೇ ಸುತ್ತು ಕೊಡಿ. ಬಾಕಿ ಉಳಿದ ಜಾಗಗಳನ್ನು ಮೂರು ಸಲ ಪ್ರಯತ್ನಿಸುತ್ತದೆ.

ಇದಕ್ಕೊಂದು ವಿನಾಯಿತಿ ಇದೆ. ಡಿಸ್ಕು ಇನ್ನೂ ಮೌಂಟ್ ಆಗುತ್ತಿದ್ದು, ನಾಳೆ ಅಚ್ಚಿಗೆ ಹೋಗಬೇಕಾದ ಲಗ್ನಪತ್ರಿಕೆಯಂಥ ಸಣ್ಣ ಫೋಲ್ಡರ್ ಮಾತ್ರ ತುರ್ತಾಗಿದ್ದರೆ, 'ಓದಲು ಮಾತ್ರ' ಮೌಂಟ್ ಮಾಡಿ ಅದೊಂದನ್ನು ಮೊದಲು ಎತ್ತಿಕೊಳ್ಳಿ. ಆಮೇಲೆ ಡಿಡಿರೆಸ್ಕ್ಯೂ.

ರಿಪೇರಿ ನಕಲಿನ ಮೇಲೆ

ಇಮೇಜ್ ಕೈಗೆ ಬಂದ ಮೇಲೆ ಹಳೆಯ ಡಿಸ್ಕನ್ನು ತೆಗೆದು ಬಟ್ಟೆಯಲ್ಲಿ ಸುತ್ತಿಡಿ. ಇಮೇಜಿನ ಮೇಲೆ ಬಲ ಕ್ಲಿಕ್ ಮಾಡಿ 'ಡಿಸ್ಕ್ ಇಮೇಜ್ ಮೌಂಟರ್' ಕೊಟ್ಟರೆ ಅದು ಓದಲು ಮಾತ್ರ ತೆರೆದುಕೊಳ್ಳುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಫೋಲ್ಡರುಗಳೆಲ್ಲ ಕಾಣುತ್ತವೆ, ಕೆಲಸ ಮುಗಿಯುತ್ತದೆ.

ಕಾಣದಿದ್ದರೆ ಜಾಗ ಇದ್ದಷ್ಟು ಮಟ್ಟಿಗೆ ಇಮೇಜಿನದೂ ಒಂದು ಪ್ರತಿ ಮಾಡಿ, ರಿಪೇರಿಯ ಕಮಾಂಡುಗಳನ್ನು ಆ ಪ್ರತಿಯ ಮೇಲೆ ಓಡಿಸಿ. 'ಎಲ್‌ಒಸೆಟಪ್' ಕಮಾಂಡಿಗೆ 'ಡ್ಯಾಶ್ ಎಫ್', 'ಡ್ಯಾಶ್ ದೊಡ್ಡ ಪಿ' ಸೇರಿಸಿ ಇಮೇಜನ್ನು ಡಿಸ್ಕಿನ ಹಾಗೆ ಕೂರಿಸಿದರೆ ಪಾರ್ಟಿಷನ್ನುಗಳು ಬೇರೆ ಬೇರೆಯಾಗಿ ಬರುತ್ತವೆ. ಇಎಕ್ಸ್‌ಟಿ4 ಆಗಿದ್ದರೆ 'ಇ2ಎಫ್‌ಎಸ್‌ಸಿಕೆ ಡ್ಯಾಶ್ ಎನ್' ಏನೂ ಬರೆಯದೆ ತಪ್ಪುಗಳನ್ನಷ್ಟೇ ತೋರಿಸುತ್ತದೆ. ಅದನ್ನು ನೋಡಿ 'ಡ್ಯಾಶ್ ವೈ' ಕೊಡಿ. ಫೈಲ್ ಸಿಸ್ಟಮ್ಮಿನ ಮುಖ್ಯ ವಿವರವಿರುವ ಸೂಪರ್‌ಬ್ಲಾಕೇ ಕೆಟ್ಟಿದ್ದರೆ 'ಡ್ಯಾಶ್ ಬಿ 32768' ಎಂದು ಮೀಸಲು ಪ್ರತಿಯಿಂದ ಪ್ರಯತ್ನಿಸಬಹುದು. ಪಾರ್ಟಿಷನ್ ಪಟ್ಟಿಯೇ ಹೋಗಿದ್ದರೆ ಟೆಸ್ಟ್‌ಡಿಸ್ಕ್. ಅದು ಎನ್‌ಟಿಎಫ್‌ಎಸ್ ಒಳಗಿನ ಫೈಲುಗಳನ್ನೂ ಹೆಸರು ಸಮೇತ ತೋರಿಸಿ, ಏನೂ ರಿಪೇರಿ ಮಾಡದೆ ಹೊರಗೆ ಕಾಪಿ ಮಾಡಿಕೊಡುತ್ತದೆ.

ಫೋಟೊರೆಕ್ ಕೊನೆಯದು. ಅದು ಫೈಲುಗಳನ್ನು ಒಳಗಿನ ಗುರುತಿನಿಂದ ಹುಡುಕುತ್ತದೆ, ಆದ್ದರಿಂದ ಹೆಸರೂ ಫೋಲ್ಡರೂ ಉಳಿಯುವುದಿಲ್ಲ. ಎಲ್ಲವೂ 'ಎಫ್' ಅಕ್ಷರದ ಮುಂದೆ ಉದ್ದ ಅಂಕಿಯಾಗಿ ಬರುತ್ತವೆ. ಫೋಟೊ ಆದರೆ ಕಣ್ಣಿನಿಂದ ಆರಿಸಬಹುದು. ಡಿಟಿಪಿಯವರಿಗೆ ಇದು ದೊಡ್ಡ ಸಂಕಟ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ಯೂನಿಕೋಡ್ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸರಮಾಲೆ. 'ಬಸವರಾಜ' ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಸಾವಿರಾರು ಫೈಲು ಒಂದೊಂದಾಗಿ ತೆರೆದು ನೋಡಬೇಕು. ಟೆಸ್ಟ್‌ಡಿಸ್ಕಿನಲ್ಲಿ ಹೆಸರು ಸಮೇತ ಸಿಗುವ ದಾರಿಯನ್ನು ಪೂರ್ತಿ ಸವೆಸಿದ ಮೇಲೆಯೇ ಫೋಟೊರೆಕ್‌ಗೆ ಬನ್ನಿ ಎನ್ನುವುದು ಇದಕ್ಕೇ.

ಓದಲಾಗದೆ ಉಳಿದ ಕೆಲವು ಸೆಕ್ಟರುಗಳ ಚಿಂತೆ ಎಲ್ಲರಿಗೂ ಒಂದೇ ಅಲ್ಲ. ಸಂಗೀತದ ಫೈಲಿನಲ್ಲಿ 512 ಬೈಟು ಹೋದರೆ ಆಲಾಪದ ನಡುವೆ ಒಂದು 'ಟಕ್' ಕೇಳಿಸಬಹುದು, ಉಳಿದದ್ದು ಹಾಗೆಯೇ ಇರುತ್ತದೆ. ಜಿಪ್ ಫೈಲಿನಲ್ಲಿ ಅಷ್ಟೇ ಹೋದರೆ ಅದು ತೆರೆಯದೇ ಹೋಗಬಹುದು.

ಎಸ್‌ಎಸ್‌ಡಿಗಳ ಮಾತು ಬೇರೆ. ಅವು ಎಷ್ಟೋ ಸಲ ಮುನ್ಸೂಚನೆಯಿಲ್ಲದೆ ಒಮ್ಮೆಲೇ ನಿಲ್ಲುತ್ತವೆ, ಅಳಿಸಿದ ಫೈಲುಗಳು ಟ್ರಿಮ್‌ನಿಂದಾಗಿ (ಖಾಲಿಯಾದ ಜಾಗವನ್ನು ಡಿಸ್ಕು ತಾನೇ ಒರೆಸಿಕೊಳ್ಳುವ ವ್ಯವಸ್ಥೆ) ಸಾಮಾನ್ಯವಾಗಿ ಮರಳುವುದಿಲ್ಲ. ಪೆನ್‌ಡ್ರೈವು ಇದ್ದಕ್ಕಿದ್ದಂತೆ 'ಓದಲು ಮಾತ್ರ' ಆಗಿ ಫಾರ್ಮ್ಯಾಟಿಗೂ ಒಪ್ಪದಿದ್ದರೆ ಬಹುಮಟ್ಟಿಗೆ ಅದರ ಚಿಪ್ಪು ಸವೆದಿದೆ. ಇದ್ದದ್ದನ್ನು ಕಾಪಿ ಮಾಡಿಕೊಂಡು ಬಿಟ್ಟುಬಿಡಿ.

ಲ್ಯಾಬಿಗೆ ಕಳಿಸುವುದಾದರೆ ಡಿಸ್ಕನ್ನು ಸ್ಪಂಜಿನಲ್ಲಿ ಸುತ್ತಿ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಾದರೂ ಸರಿ, ಕೈಯಲ್ಲೇ ಹಿಡಿದು ಒಯ್ಯಿರಿ. ಬೈಕಿನ ಡಿಕ್ಕಿಯಲ್ಲಿ ಹಾಕಬೇಡಿ. ಏನೇನು ಪ್ರಯತ್ನ ಮಾಡಿದ್ದೀರಿ ಎಂದು ಚೀಟಿ ಬರೆದು ಜೊತೆಗಿಡಿ, ಮ್ಯಾಪ್ ಫೈಲಿದ್ದರೆ ಅದನ್ನೂ ಕೊಡಿ. ಕೆಟ್ಟ ಡಿಸ್ಕನ್ನು, ನಕಲಿನ ಫೈಲುಗಳನ್ನು ತೆರೆದು ನೋಡಿ ಖಾತ್ರಿಯಾಗುವವರೆಗೆ ಎಸೆಯಬೇಡಿ, ಮತ್ತೆ ಬಳಸಲೂ ಬೇಡಿ. ಡಿಟಿಪಿ ಅಂಗಡಿಯ ಡಿಸ್ಕಿನಲ್ಲಿ ಊರಿನ ಅರ್ಧ ಜನರ ಆಧಾರ್ ಪ್ರತಿಗಳಿರುತ್ತವೆ, ಗುಜರಿಗೆ ಹಾಗೆಯೇ ಹಾಕುವಂತಿಲ್ಲ. ಡ್ರಿಲ್ಲಿನಿಂದ ತಟ್ಟೆಗೆ ತೂತು ಹಾಕಿ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಹೆಚ್ಚಾಗಿ ಗಾಜಿನದು, ಸಿಡಿದು ಚೂರಾಗುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಡಿಸ್ಕನ್ನು ದಪ್ಪ ಗೋಣಿಚೀಲದೊಳಗಿಟ್ಟು ಮಾಡಿ.